ಕೋಚ್ ಶೇಖರ ಶೆಟ್ಟರ ಮೂರನೇ ತಂಡ

ಹೆಮ್ಮಾಡಿಯ ಶೇಖರ ಶೆಟ್ಟರಿಗೆ ಫುಟ್‌ಬಾಲಿನ ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಆಡಿ ಆಡಿ ಮೊಣಕಾಲು ಕೆಡಿಸಿಕೊಂಡು ಊರಿಗೆ ಬಂದರು. ಬಂದವರೇ ಸಣ್ಣ ಹೋಟೆಲೊಂದನ್ನು ತೆರೆದರು. ತೆರೆದರು ಎಂದರೆ ಬೀಗ ತೆಗೆದದ್ದು ಮಾತ್ರ ಅವರು. ನಡೆಸಿದ್ದೆಲ್ಲ ಹೆಂಡತಿ ಪ್ರಭಾವತಿಯಕ್ಕ. ಶೆಟ್ಟರು ಕೊರಳಿಗೆ ವಿಸಿಲ್ ಹಾಕಿಕೊಂಡು ಹೆಮ್ಮಾಡಿ ತಂಡದ ಕೋಚ್ ಆದರು.

ಕಷ್ಟವೇನೆಂದರೆ, ನಮ್ಮ ಕಡೆಯವರು ವಾಲಿಬಾಲ್ ಆಡಿಕೊಂಡೇ ಬೆಳೆದವರು. ಚೆಂಡು ತಲೆಯ ಮೇಲೆ ಬಂದರೆ ಕೈ ತಾನಾಗಿ ಎದ್ದುಬಿಡುತ್ತದೆ. ಅದರಲ್ಲೂ ಶೆಟ್ಟರ ತಂಗಿಯ ಮಗ, ಉದ್ದಾಳು ಶೈಲೇಶ್! ಅವನು ಚೆಂಡಿಗೆ ಕೈ ಹಾಕಿದ್ದರಿಂದಲೇ ಹೆಮ್ಮಾಡಿ ತಂಡ ಫೈನಲ್ ಸೋತು ಕೋಚನ್ನು ಬದಲಾಯಿಸಿತು. ಹಾಲಾಡಿಯವರು ಕರೆದರು, ಮಾವ ಅಳಿಯ ಇಬ್ಬರೂ ಹೋದರು, ಅಲ್ಲೂ ಅದೇ ಕಥೆ. ಆಮೇಲೆ ಬಿಜೂರು. ಈ ಸಲ ಫೈನಲಿನಲ್ಲಿ ಎದುರು ನಿಂತದ್ದು ಹೆಮ್ಮಾಡಿಯೇ.

ಆ ಬೆಳಿಗ್ಗೆ ನಾನು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಪ್ರಭಾವತಿಯಕ್ಕ ಗಂಡನಿಗೆ ಹೇಳಿಯೇಬಿಟ್ಟರು.

"ಹ್ವಾಯ್, ಇವತ್ತ್ ಸೋತ್ರೆ ಆ ವಿಸಿಲ್ ಬಿಸಾಡಿ ಕೌಂಟರಲ್ಲ್ ಕೂಕಣಿ. ನಂಗೊಬ್ಳಿಗೆ ಆತಿಲ್ಲೆ ಮಾರಾಯ್ರೆ."

"ಆಯ್ತ್" ಎಂದರು ಶೆಟ್ಟರು. ಆ ಮುಖ ನೋಡಿ ನನಗೆ ಅಯ್ಯೋ ಅನಿಸಿತು.

ಮೈದಾನದಲ್ಲಿ ಶೆಟ್ಟರು ಶೈಲೇಶನಿಗೆ ಗೋಲ್‌ಕೀಪರಿನ ಗ್ಲೌಸ್ ಕೊಟ್ಟರು. "ಮಗಾ, ಇಲ್ಲ್ ಕೈ ಎತ್ತುಕ್ ಅಡ್ಡಿಲ್ಲೆ. ಮನ್ಸ್ ಬಂದಂಗೆ ಎತ್ತ್." ಈ ಬುದ್ಧಿ ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಬೇಡಿ; ಅಳಿಯ ಗೋಲು ಹೊಡೆಯುವುದನ್ನು ನೋಡುವ ಆಸೆ ಅವರಿಗೆ.

ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಹೆಮ್ಮಾಡಿಯವರು ಹೊಡೆದ ಚೆಂಡನ್ನು ಶೈಲೇಶ್ ಹಾರಿ ಹಿಡಿದ. ಹಿಡಿದವನು ಒದೆಯಬೇಕಲ್ಲ? ಮೇಲಕ್ಕೆ ಚಿಮ್ಮಿಸಿ, ವಾಲಿಬಾಲಿನ ಸರ್ವಿಸ್ ಮಾಡುವ ಹಾಗೆ ಅಂಗೈಯಿಂದ ರಪ್ಪನೆ ಬಾರಿಸಿದ! ಚೆಂಡು ಹಾರಿ ಹೆಮ್ಮಾಡಿಯವರ ಗೋಲಿನ ಕಡೆ ಬಿತ್ತು. ಹೆಮ್ಮಾಡಿಯವರೆಲ್ಲ "ಹ್ಯಾಂಡ್! ಹ್ಯಾಂಡ್!" ಎಂದು ಕೂಗುತ್ತ ರೆಫರಿಯತ್ತ ತಿರುಗಿದರು. ಗೋಲ್‌ಕೀಪರ್ ತನ್ನ ಚೌಕದೊಳಗೆ ಕೈಯಿಂದ ಹೊಡೆದರೆ ತಪ್ಪಿಲ್ಲ, ರೆಫರಿ ಸುಮ್ಮನಿದ್ದರು. ಅಷ್ಟರಲ್ಲಿ ಹಿಂದಿನಿಂದ ಓಡಿ ಬಂದ ಬಿಜೂರಿನ ಅಕ್ಷಯ್ ಚೆಂಡನ್ನು ಅವರ ಬಲೆಗೆ ನೂಕಿದ.

ಕಪ್ ಬಿಜೂರಿಗೆ ಬಂತು. ಎಲ್ಲರೂ ಕುಣಿದರು, ಶೆಟ್ಟರು ಮಾತ್ರ ಗೆರೆಯ ಪಕ್ಕ ಕಾಲು ಚಾಚಿ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಹೋಟೆಲಿಗೆ ಬೀಗ ಜಡಿದು ಆಟ ನೋಡಲು ಬಂದಿದ್ದ ಪ್ರಭಾವತಿಯಕ್ಕ ಹತ್ತಿರ ಹೋದರು.

"ಗೆದ್ದ್ರೂ ಮರ್ಕುದಾ? ಏಳಿ ಕಾಂಬ" ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಕೌಂಟರಿಗೆ ಬ್ಯಾರೆ ಜನ ಇಡುವ. ನಿಮ್ಮನ್ನ್ ಅಲ್ಲ್ ಕೂರ್ಸಿರೆ ನಂಗೇ ಕಾಂಬುಕ್ ಆತಿಲ್ಲೆ."