ಬಾಣಂತಿ ಹೊರಸಿನ ಹದ

ಸಸಿಯನ್ನು ನೆಟ್ಟು ಬೆಳೆಸಬಲ್ಲವರು ನಮ್ಮ ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ಅನೇಕರಿದ್ದಾರೆ. ಪುಷ್ಯಮಾಸದ ಚಳಿಗೆ ಮುದುಡಿ ಮಲಗಿದ ಬೀಜವನ್ನು ಎಬ್ಬಿಸಬಲ್ಲವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾದ ಶ್ರೀಮತಿ ಮೆಹರುಬಿಯವರು ಮೂವತ್ತೊಂದು ವರ್ಷ ನಮ್ಮ ಸಸಿತೋಟದಲ್ಲಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಒಂದು ಕಾಲಕ್ಕೆ ಅವರ ಮೇಲಧಿಕಾರಿಯಾಗಿದ್ದ ನನಗೆ, ಅವರ ಶಿಷ್ಯನೆಂದು ಬರೆದುಕೊಳ್ಳುವುದೇ ಇಂದು ಹೆಚ್ಚಿನ ಪದವಿ.

ಹಲಗೆಯ ಚೌಕಟ್ಟಿನ ತಳದಲ್ಲಿ ಹಸಿ ಸಗಣಿಯನ್ನೂ ಕಬ್ಬಿನ ಒಣಗರಿಯಾದ ರವದಿಯನ್ನೂ ಮೊಣಕಾಲೆತ್ತರ ತುಳಿದು ತುಂಬಿ, ಮೇಲೆ ಗೇಣು ಮಣ್ಣು ಹರಡಿ, ಗಾಜಿನ ಕದ ಮುಚ್ಚಿದರೆ, ಕೊಳೆಯುವ ಸಗಣಿಯ ಕಾವಿಗೆ ಬದನೆ, ಮೆಣಸಿನಕಾಯಿಯ ಬೀಜಗಳು ಚಳಿಯಲ್ಲೂ ತಿಂಗಳು ಮೊದಲೇ ಮೊಳೆಯುತ್ತವೆ. ಹೆತ್ತವಳ ಹೊರಸಿನಡಿ, ಎಂದರೆ ಮಂಚದಡಿ, ಕೆಂಡದ ಶೇಗಡಿ ಇಡುವ ನಮ್ಮ ಕಡೆಯ ವಾಡಿಕೆಯನ್ನು ನೆನೆದು ಇದನ್ನು ‘ಬಾಣಂತಿ ಹೊರಸು’ ಎಂದು ಕರೆದವರು ಮೆಹರುಬಿಯವರೇ. ಮೊದಲು ಉಕ್ಕುವ ಕಾವು ಇಳಿಯುವವರೆಗೆ ಅದರಲ್ಲಿ ಬೀಜ ಹಾಕಬಾರದು. ಕೂಸಿಗೆ ಎರೆಯುವ ನೀರಿನ ಹದ ನೋಡುವಂತೆ ಅವರು ದಿನವೂ ಆ ಮಣ್ಣಿಗೆ ಮೊಣಕೈ ಊರಿ ನೋಡುತ್ತಿದ್ದರು.

ನಾನು ಅಧಿಕಾರ ವಹಿಸಿಕೊಂಡ ಮೊದಲ ಚಳಿಗಾಲ. ಅಲಖನೂರಿನ ಅಕ್ಕುತಾಯಿಯವರು ತಮ್ಮ ಮನೆತನದ ಮುಳ್ಳುಬದನೆಯ ಬೀಜವನ್ನು ಅರಿವೆಯ ಗಂಟಿನಲ್ಲಿ ತಂದು ಒಪ್ಪಿಸಿದ್ದರು. ಹೊಲದಲ್ಲಿ ತಳಿ ಅಳಿದು, ಉಳಿದದ್ದು ಅಷ್ಟೇ. ಹಿರಿಯ ಅಧಿಕಾರಿಗಳ ಭೇಟಿಯ ಹೊತ್ತಿಗೆ ಮೊಳಕೆ ತೋರಿಸುವ ಹಂಬಲದಿಂದ ನಾನು, ಸಗಣಿ ತುಂಬಿದ ಮೂರನೆಯ ದಿನವೇ ಬಿತ್ತಲು ಹೇಳಿದೆ.

“ಇನ್ನಾ ಕುದ್ಯಾಕತ್ತೈತ್ರಿ ಸಾಹೇಬ್ರ. ಬೀಜ ಬಿತ್ತತೀರೋ, ಬದನಿಕಾಯಿ ಪಲ್ಯಾ ಮಾಡತೀರೋ?” ಎಂದರು ಮೆಹರುಬಿಯವರು.

ನಾನು ಗದರಿದೆ. ಅವರು ಬಿತ್ತಿದರು; ಆದರೆ ಅರ್ಧವನ್ನು ಮಾತ್ರ. ಉಳಿದರ್ಧ ನನಗೆ ತಿಳಿಯದಂತೆ ಅವರ ಸೆರಗಿನ ಗಂಟು ಸೇರಿತ್ತು.

ವಾರದ ಬಳಿಕ ಅಕ್ಕುತಾಯಿಯವರ ಎದುರಿಗೇ ಮಣ್ಣು ಕೆದಕಿದಾಗ ಬೀಜಗಳು ಬೆಂದು ಮೆತ್ತಗಾಗಿದ್ದವು.

“ಬಾಣಂತಿ ಹೊರಸಿನ ಕೆಳಗ ಶೇಗಡಿ ಇಡತಾರ ಬೇ ಮೆಹರುಬಿ, ಒಲಿ ಹೂಡತಾರೇನ?” ಎಂದರು ಆ ತಾಯಿ.

ನಾನು ಪಕ್ಕದಲ್ಲೇ ನಿಂತಿದ್ದೆ. ಮೆಹರುಬಿಯವರು ನನ್ನತ್ತ ನೋಡಲೂ ಇಲ್ಲ. “ನಾವ ಅವಸರಾ ಮಾಡಿದ್ವಿ ಅಕ್ಕಾ. ಅರ್ಧಾ ಬೀಜ ಇಲ್ಲೈತಿ, ತಗೋ” ಎಂದು ಸೆರಗಿನ ಗಂಟು ಬಿಚ್ಚಿದರು. ಅಕ್ಕುತಾಯಿಯವರು ಅದನ್ನು ಅವರ ಕೈಗೇ ಮರಳಿ ಕೊಟ್ಟರು. ಕಾವು ಹದಕ್ಕಿಳಿದ ಮೇಲೆ ಬಿತ್ತಿದ ಆ ಬೀಜ ಎಂಟನೆಯ ದಿನಕ್ಕೆ ತಲೆಯೆತ್ತಿತು. ಅದರ ಸಂತತಿ ಇಂದು ಬೇಡಕಿಹಾಳದ ತೋಟಗಳವರೆಗೆ ಹಬ್ಬಿದೆ.

‘ನಾವು’ ಎಂಬ ಆ ಬಹುವಚನದ ಮರೆಯಲ್ಲಿ ನಾನು ಇಪ್ಪತ್ತು ವರ್ಷ ಅಡಗಿ ಕುಳಿತಿದ್ದೇನೆ. ಅಕ್ಕುತಾಯಿಯವರ ಕೈಯನ್ನೂ ಸೇರಲಿರುವ ಈ ಅಭಿನಂದನ ಗ್ರಂಥದಲ್ಲಿ ಅದನ್ನು ಏಕವಚನಕ್ಕೆ ತಿದ್ದುತ್ತೇನೆ: ಅವಸರ ಮಾಡಿದವನು ನಾನು.

ಮೆಹರುಬಿಯವರು ನೂರು ಚಳಿಗಾಲ ಕಾಣಲಿ. ತಮ್ಮ ಹಿತ್ತಲಲ್ಲಿ ಅವರು ಈಗಾಗಲೇ ಅಳತೆ ಹಾಕಿಟ್ಟಿರುವ ಹೊಸ ಹೊರಸಿಗೆ ಬೀಜ ಬೀಳುವ ದಿನವನ್ನು, ಯಾವ ಸಾಹೇಬರನ್ನೂ ಕೇಳದೆ, ಅವರ ಮೊಣಕೈಯೇ ನಿಶ್ಚಯಿಸಲಿ.