ಮಾವನವರೂ ನಾನೂ ಪ್ರೊಲಾಗ್ ಕಲಿತದ್ದು

ಮೊನ್ನೆ ಮಕ್ತಲ್ ಬಸ್ ನಿಲ್ದಾಣದಲ್ಲಿ ಗದ್ವಾಲದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಏನೋ ಪಾಠ ಕೇಳುತ್ತಿದ್ದಳು. ಬಸ್ಸುಗಳ ಗದ್ದಲ, ಸೀತಾಫಲ ಮಾರುವವಳ ತೆಲುಗು ಕೂಗು, ಇವುಗಳ ನಡುವೆ ಎರಡು ಸಣ್ಣ ಕೆಮ್ಮು, ಆಮೇಲೆ 'ಸೋ...' ಎಂಬ ಉದ್ದನೆಯ ರಾಗ ಕೇಳಿಸಿತು. ಥಟ್ಟನೆ ತಿರುಗಿ ನೋಡಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬಿಡಾರ ಹೂಡಿದ್ದ ಗಂಟಲು ಅದು!

ಆ ಗಂಟಲಿನ ಒಡೆಯರನ್ನು ನಾನು ಎದುರಾಗಿ ಕಂಡವಳಲ್ಲ. ಯಾವುದೋ ದೂರದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಭಾಷೆಗಳ ಪಾಠ ಹೇಳುವವರು. ಅವರ ತರಗತಿಗಳು ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುತ್ತಿದ್ದವು. ನಾನಾಗ ಮಕ್ತಲ್‌ನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಬರುವ ವರ್ಷದಿಂದ ಕಂಪ್ಯೂಟರನ್ನೂ ನೀವೇ ಕಲಿಸಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಡಳಿತದವರು ನಗುನಗುತ್ತಲೇ ಹೇಳಿದರು. ಕಂಪ್ಯೂಟರಿಗೂ ನನಗೂ ಇದ್ದ ನಂಟೆಂದರೆ ಅದರ ಮೇಲಿನ ಧೂಳು ಒರೆಸಿದ್ದು. ಆದರೆ ಕೆಲಸ ಬಿಡುವ ಮನಸ್ಸಿರಲಿಲ್ಲ. ಗಂಡನ ಲ್ಯಾಪ್‌ಟಾಪನ್ನು ಪಡಸಾಲೆಯ ಮಣೆಯ ಮೇಲಿಟ್ಟು ಸಂಜೆ ಚಹಾದ ಹೊತ್ತಿಗೆ ಪಾಠಕ್ಕೆ ಕುಳಿತೆ.

ಕುಳಿತವಳು ನಾನೊಬ್ಬಳೇ ಅಲ್ಲ. ನನ್ನ ಮಾವ, ಬೀರಪ್ಪನವರು, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಕುರಿ ಕಾಯುವ ಮನೆತನದಿಂದ ಮೊದಲು ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರು. ಕಂದಾಯ ಇಲಾಖೆಯ ಗಿರ್ದಾವರರಾಗಿ ಊರೂರಿನ ಹೊಲ ನೋಡಿ ನಿವೃತ್ತರಾದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹಳೆಯ ದಫ್ತರ ಓದುವಾಗ ಉರ್ದು. "ಭಾಷಾ ಕಲಿಯೂದಂದ್ರ ನನಗೇನು ಹೊಸದಲ್ಲವ್ವಾ. ನೀ ಇಂಗ್ಲಿಷ್ ಬಿಡಿಸಿ ಹೇಳು, ಉಳಿದದ್ದು ನಾ ನೋಡ್ಕೋತೀನಿ" ಎಂದರು.

ಅತ್ತೆ ಸೊಪ್ಪು ಸೋಸುತ್ತ ಪರದೆಯತ್ತ ಒಮ್ಮೆ ನೋಡಿ, "ಪಾಪ, ಆವಾಗಿಂದ ಒಬ್ಬಾತನ ಮಾತಾಡತಾನ. ನೀರರೆ ಕೊಡಬಾರದೇನು ಆತಗ?" ಎಂದು ಮರುಗಿದರು.

ಹೀಗೆ ನಮ್ಮ ವಿದ್ಯಾಭ್ಯಾಸ ಸಾಗಿತು. ಮೇಷ್ಟ್ರು ಒಂದೊಂದು ಭಾಷೆ ಮುಗಿಸಿದಂತೆ ಮಾವ ಅದಕ್ಕೊಂದು ತೀರ್ಪು ಕೊಡುತ್ತಿದ್ದರು. ಪೈಥಾನಿನಲ್ಲಿ ಸಾಲಿನ ಮೊದಲು ಸರಿಯಾಗಿ ಜಾಗ ಬಿಡದಿದ್ದರೆ ತಪ್ಪು ಎಂದು ತಿಳಿದಾಗ, "ಇದು ಮಡಿ ಮಂದಿ ಭಾಷಾ. ದೂರ ಕುಂದರಬೇಕು" ಎಂದರು. ಜಾವಾದಲ್ಲಿ ಒಂದು ನಮಸ್ಕಾರ ಹೇಳಿಸಲು ಬರೆಯಬೇಕಾದ ಪೀಠಿಕೆ ಕಂಡು ಅವರಿಗೆ ಹಳೆಯ ಗೆಳೆಯ ಸಿಕ್ಕಂತಾಯಿತು. "ಇದು ನಮ್ಮ ತಹಸೀಲ್ ಭಾಷಾ!" ಎಂದು ತೊಡೆ ತಟ್ಟಿಕೊಂಡರು. ಆಮೇಲೆ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮತ್ತೆ ಬದಲಿಸಲು ಬಿಡದ, ಎಲ್ಲವನ್ನೂ ಫಂಕ್ಷನ್‌ಗಳಲ್ಲೇ ಹೇಳುವ ಭಾಷೆಯೊಂದು ಬಂತು. ನನಗೆ ತಲೆ ಗಿರ್ ಎಂದಿತು. ಮಾವನಿಗೆ ಮಾತ್ರ ಅದು ಬಹಳ ಹಿಡಿಸಿತು.

"ಇದು ಮರ್ಯಾದಸ್ಥರ ಭಾಷಾ. ಕೊಟ್ಟ ಮಾತು ಬದಲಿಲ್ಲ."

"ನಿಮ್ಮಂಗ ಹಟಮಾರಿ ಅನ್ರಿ" ಎಂದರು ಅತ್ತೆ, ಸೊಪ್ಪಿನಿಂದ ತಲೆ ಎತ್ತದೆ.

ಅದರ ಹಿಂದೆಯೇ ಬಂದದ್ದು ಪ್ರೊಲಾಗ್. ಇದರ ರೀತಿಯೇ ಬೇರೆ. ಇದಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವ ಹಾಗಿಲ್ಲ. ನಿಮಗೆ ಗೊತ್ತಿರುವ ಸಂಗತಿಗಳನ್ನು ತಿಳಿಸಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಉತ್ತರ ಅದೇ ಹುಡುಕಿಕೊಳ್ಳುತ್ತದೆ. "ಪಂಚರ ಮುಂದ ಸಾಕ್ಷಿ ಹೇಳಿದಂಗ" ಎಂದು ಮಾವ ಮುಂದಕ್ಕೆ ಸರಿದು ಕುಳಿತರು. ಮನೆತನದ ಸಂಬಂಧಗಳನ್ನು ಬರೆಯಿರಿ ಎಂಬುದು ಮೇಷ್ಟ್ರು ಕೊಟ್ಟ ಅಭ್ಯಾಸ. ಯಾರು ಯಾರ ಮಗ, ಯಾರು ಯಾರ ಮಗಳು ಎಂದು ಮಾವ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನನ್ನ ಸರದಿ ಬಂದಾಗ, "ನೀನೂ ನನ್ನ ಮಗಳ ಅಲ್ಲೇನು? ಬರಿ" ಎಂದರು. ಆ ಪ್ರೀತಿಗೆ ಸೋತು ಬರೆದೆ. ಆಮೇಲೆ ಒಡಹುಟ್ಟಿದವರು ಯಾರ್ಯಾರೆಂದು ಕೇಳಿದರೆ ಯಂತ್ರ ನನ್ನನ್ನೂ ನನ್ನ ಗಂಡನನ್ನೂ ತೋರಿಸಿತು! ಒಳಗಿನಿಂದ ಬಂದ ಗಂಡ, "ಹಂಗಾದ್ರ ಈ ಸಲ ರಾಖಿ ಕಟ್ತೀಯೇನು?" ಎಂದರು. ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು.

ಆ ನಗುವಿನ ನಡುವೆ ಅತ್ತೆ ಮೆಲ್ಲಗೆ ಹೇಳಿದರು: "ಇವರಿಗೆ ತಮ್ಮ ಒಬ್ಬಾತ ಅದಾನೋ ಇಲ್ಲೋ, ಅದನ್ನ ಕೇಳವ್ವಾ."

ನಗು ಅಲ್ಲಿಗೇ ನಿಂತಿತು. ಮಾವನಿಗೆ ಧರೂರಿನಲ್ಲಿ ಸಾಬಣ್ಣ ಎಂಬ ತಮ್ಮನಿದ್ದ. ಅವರ ತಾಯಿ ತೀರಿಕೊಂಡಾಗ, ದಿನಕರ್ಮದ, ಅಂದರೆ ತಿಥಿಯ, ದಿವಸ ಮಾವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಹಿರಿಯ ಮಗ ಬರುವ ತನಕ ಕಾಯದೆ ಸಾಬಣ್ಣ ಪೂಜೆ ಮುಗಿಸಿಬಿಟ್ಟ. ಅವತ್ತು ನಿಂತ ಮಾತು ನಾನು ಸೊಸೆಯಾಗಿ ಬಂದ ಮೇಲೂ ಶುರುವಾಗಿರಲಿಲ್ಲ. ಈಗ ಸಂಬಂಧ ಹೇಳುವಾಗಲೂ ಮಾವ ಆ ಹೆಸರು ಎತ್ತಿರಲಿಲ್ಲ. ಅತ್ತೆಯ ಮಾತು ಮೀರಲಾರದೆ ನಾನು ಪ್ರಶ್ನೆ ಬರೆದೆ. ಸುಳ್ಳು ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

"ಏನಂತೈತಿ?" ಮಾವ ಕೇಳಿದರು.

"ಇಲ್ಲ ಅಂತೈತ್ರಿ."

"ಇಲ್ಲ ಅನ್ನಾಕ ಅದ್ಯಾವುದು?"

"ನೀವು ಹೇಳಿಲ್ಲಲ್ರೀ ಮಾವಾ. ಹೇಳದಿದ್ರ ಅದರ ಪಾಲಿಗೆ ಇಲ್ಲ ಅಂತನ ಲೆಕ್ಕ."

ಮಾವನ ಮುಖ ಕೆಂಪಾಯಿತು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕು. ಇರೋ ಮನುಷ್ಯಾನ್ನ ಇಲ್ಲ ಅಂದ್ರ ಹೆಂಗ?" ಎಂದು ಎದ್ದು ಹೋದರು. ಚಹಾ ಹಾಗೇ ಉಳಿಯಿತು. ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಮರುದಿನ ಮುಂಜಾನೆ ಮಾವ ಒಗೆದ ಧೋತರ ಉಟ್ಟು ರುಮಾಲು ಸುತ್ತಿ ಹೊರಟು ನಿಂತಿದ್ದರು. "ಧರೂರು ಕಡೆ ಕಾಲುವಿಗೆ ನೀರು ಬಿಟ್ಟಾರಂತ. ನೆಲ್ಲು ಹೆಂಗದಾವು ನೋಡಿ ಬರತೀನಿ" ಎಂದರು. ನೆಲ್ಲು ನೋಡಲು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋದವರನ್ನು ನಾನು ಅದೇ ಮೊದಲು ಕಂಡದ್ದು. ಅತ್ತೆಯೂ ಹಿಂಡಿ ಸ್ವಲ್ಪ ಹೆಚ್ಚೇ ಕಟ್ಟಿದ್ದರು.

ಕೆಲವು ದಿನಗಳ ಮೇಲೆ ಮರಳಿ ಬಂದಾಗ ಹಿಂದೆ ಅವರದೇ ಮೂಗು, ಅವರದೇ ನಡಿಗೆಯ ಇನ್ನೊಬ್ಬರು. ಅಲ್ಲಿ ಏನು ಮಾತಾಯಿತೋ, ಯಾರು ಮೊದಲು ಅತ್ತರೋ, ಇಬ್ಬರೂ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕೈಕಾಲು ತೊಳೆದವರೇ ಮಾವ ಲ್ಯಾಪ್‌ಟಾಪ್ ತೆರೆಸಿದರು. "ಇವನ್ನ ಬರಿ."

ಆ ಭಾಷೆಯಲ್ಲಿ ಹೆಸರುಗಳು ಇಂಗ್ಲಿಷಿನ ಸಣ್ಣ ಅಕ್ಷರದಿಂದಲೇ ಶುರುವಾಗಬೇಕು. ಹಾಗೆಂದು ವಿವರಿಸಿದೆ.

"ಇವನಿಗೆ ಸಣ್ಣ ಅಕ್ಷರನ ಸಾಕು" ಎಂದರು ಮಾವ.

"ನಿಂದು ಹೆಂಗೈತಿ?" ಎಂದರು ಸಾಬಣ್ಣ ಕಾಕಾ.

"ನಂದೂ ಸಣ್ಣದ ಐತೋ ಮಾರಾಯ."

ಮುಂದಿನ ವರ್ಷ ನಾನು ಕಂಪ್ಯೂಟರ್ ಕಲಿಸಿದೆ, ಈಗಲೂ ಕಲಿಸುತ್ತಿದ್ದೇನೆ. ಮಾವ ಪ್ರೊಲಾಗ್‌ನಿಂದ ಮುಂದೆ ಹೋಗಲಿಲ್ಲ. ಧರೂರಿಗೆ ಓಡಾಟ ಹೆಚ್ಚಾಗಿ ಹಾಜರಿ ಕಡಿಮೆಯಾಯಿತು.

ಇರಲಿ. ಬಸ್ಸು ಬಂತು. ಗದ್ವಾಲದಲ್ಲಿ ಬದಲಿಸಿ ಧರೂರಿನಲ್ಲಿ ಇಳಿದೆ. ಸಾಬಣ್ಣ ಕಾಕಾನ ಮೊಮ್ಮಗಳ ಮದುವೆ. ಮಾವ, ಅತ್ತೆ ಒಂದು ವಾರ ಮೊದಲೇ ಹೋಗಿ ಕೂತಿದ್ದರು. ಓಣಿಯ ತಿರುವಿಗೇ ಅಣ್ಣತಮ್ಮಂದಿರ ದನಿ ಕೇಳಿಸಿತು.

"ಹಂದರದ ಬಾಗಲಾ ಮೂಡಲಕ್ಕ ಇಡು ಅಂತ ಹೇಳಿರಲಿಲ್ಲೇನು?"

"ಹೇಳಿದ್ದಿ. ನಾ ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

"ಮುಂಜಾನಿ ಬಿಸಲು ಮಾರಿಗೆ ಹೊಡಿತೈತಿ, ಅದಕ್ಕ!"

ಒಲೆಯ ಕಡೆಯಿಂದ ಅತ್ತೆ, ಹೋಗಿ ಬಿಡಿಸು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಹೋಗಲಿಲ್ಲ. ಚೀಲ ಇಳಿಸಿ, ಹಂದರದ ನೆರಳಿಗೆ ಕುರ್ಚಿ ಎಳೆದುಕೊಂಡು, ಜಗಳ ಮುಗಿಯುವ ತನಕ ಕೂತು ಕೇಳಿದೆ.