ಮ್ಯಾನೇಜರ್ ಊಟ ಬಿಟ್ಟದ್ದು

ಈಗಷ್ಟೇ ಕೈ ತೊಳೆದುಕೊಂಡು ಬಂದು ಕೂತಿದ್ದೇನೆ. ಬಟ್ಟೆ ಸೋಪಿನಲ್ಲಿ ಒಮ್ಮೆ, ಹುಣಸೆಹಣ್ಣಿನಲ್ಲಿ ಒಮ್ಮೆ, ಕೊನೆಗೆ ಲಿಂಬೆ ಸಿಪ್ಪೆಯಲ್ಲಿ ಒಮ್ಮೆ. ಆದರೂ ಬೆರಳ ತುದಿಯನ್ನು ಮೂಗಿನ ಹತ್ತಿರ ತಂದರೆ ಒಣ ಸಿಗಡಿಯ ವಾಸನೆ ಇದ್ದೇ ಇದೆ. ನಮ್ಮ ಕಡೆ ಇದಕ್ಕೆ ಶೆಟ್ಲಿ ಎನ್ನುತ್ತಾರೆ. ನೀವು ಮೀನು ತಿನ್ನುವವರಾದರೆ ಇದೊಂದು ವಿಷಯವೇ ಎಂದು ನಗುತ್ತೀರಿ. ತಿನ್ನದವರಾದರೆ ಪುಟ ಮಡಚಿ ಎದ್ದರೂ ನನಗೆ ಬೇಸರವಿಲ್ಲ. ನಾನೂ ತಿನ್ನದ ಮನೆಯವಳೇ. ಹೊನ್ನಾವರದ ಮೀನು ಪೇಟೆಯ ಮುಂದೆ ಸೆರಗನ್ನು ಮೂಗಿಗೆ ಹಿಡಿದು ದಾಟುತ್ತಿದ್ದವಳು. ಈ ಕೈ ಹೀಗೆ ನಾರುವುದಕ್ಕೆ ಕಾರಣ ನಮ್ಮನೆಯವರು, ಮತ್ತು ಅವರು ಬಿಟ್ಟುಹೋದ ಒಂದು ಆಮೆ.

ಆಮೆ ಬಂದದ್ದು ಸಂತೆಗುಳಿಯ ಭಾವನ ದೆಸೆಯಿಂದ. ಭಾವ ಎಂದರೆ ನಮ್ಮನೆಯವರ ಅಣ್ಣ. ವಾಸ್ತು ಬಲ್ಲವರು. ಯಾರ ಮನೆಗೆ ಹೋದರೂ ಚಹಾ ಬರುವ ಮೊದಲು ಎದ್ದು ದಿಕ್ಕು ನೋಡುತ್ತಾರೆ; ಚಹಾ ತಡವಾದರೆ ದೋಷ ಹೆಚ್ಚು ಕಾಣಿಸುತ್ತದೆ. ಹೊನ್ನಾವರ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಬಾಡಿಗೆ ಮನೆಗೆ ಅವರು ಬಂದ ದಿನ ಹಾಲು ಒಡೆದಿತ್ತು.

"ಈ ಮನೆಲಿ ಎಂತದೂ ನಿಲ್ತಿಲ್ಲೆ. ಒಂದು ಆಮೆ ಇಡವು. ಮುಖ ಉತ್ತರಕ್ಕೆ," ಎಂದರು.

ಅವರು ಹೇಳಿದ್ದು ಹಿತ್ತಾಳೆಯ ಆಮೆ. ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ, ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ತಟ್ಟೆಯಲ್ಲಿ ನೀರು ಹಾಕಿ ಇಟ್ಟರೆ ಆಯಿತು. ನಮ್ಮನೆಯವರು ನಮ್ಮೂರಿಗೆ ದಕ್ಷಿಣಕ್ಕಿರುವ ಭಟ್ಕಳದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಣ್ಣನ ಮಾತನ್ನು ಎಂದೂ ಮೀರಿದವರಲ್ಲ. ನೆಟ್ಟಗೆ ಪಾಲಿಸಿದವರೂ ಅಲ್ಲ. ಮರುದಿನ ಸಂಜೆ ಅಲ್ಲಿಯ ಬಣ್ಣದ ಮೀನಿನ ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಲಾಡಿಸುವ ಆಮೆಯನ್ನೇ ತಂದರು. ಕಣ್ಣಿನ ಹಿಂದೆ ಯಾರೋ ಕುಂಕುಮದಲ್ಲಿ ಎಳೆದಂತೆ ಕೆಂಪು ಗೆರೆ.

"ನೀ ಆಮೆ ಇಡು ಹೇಳಿದ್ದೆ. ಹಿತ್ತಾಳೆದೇ ಆಗವು ಹೇಳಿದ್ದಿಲ್ಲೆ," ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದರು.

ಹಿತ್ತಾಳೆಯ ಆಮೆಗೆ ಒಂದು ಒಳ್ಳೆಯ ಗುಣವಿದೆ. ಇಟ್ಟ ಕಡೆಗೆ ಮುಖ ಮಾಡಿ ಕೂರುತ್ತದೆ. ಇದು ಹಾಗಲ್ಲ. ಭಾವ ಬಂದಾಗಲೆಲ್ಲ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದು ಉತ್ತರಕ್ಕೆ ತಿರುಗಿಸುತ್ತಿದ್ದರು. ಅವರು ಎದ್ದು ಸೊಂಟ ನೇರ ಮಾಡಿಕೊಳ್ಳುವುದರೊಳಗೆ ಅದು ದಕ್ಷಿಣಕ್ಕೆ ತಿರುಗಿರುತ್ತಿತ್ತು.

"ಭಟ್ಕಳದ್ದು ಅಲ್ದ ಅಣ್ಣ, ತವರುಮನೆ ದಾರಿ ನೋಡ್ತು," ಎನ್ನುತ್ತಿದ್ದರು ಇವರು, ನಗದೆ.

ಇವರು ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟರು. ಯಾರಾದರೂ ಎದುರು ಬಂದರೆ ತಲೆ ಒಳಗೆ, ಊಟದ ಹೊತ್ತಿಗೆ ಹೊರಗೆ. ಆಫೀಸಿನಲ್ಲಿಯೂ ಇಂಥವರನ್ನು ನೋಡಿದ್ದರಂತೆ. ಬೆಳಿಗ್ಗೆ ಸ್ನಾನವಾದ ಮೇಲೆ ಬೋಗುಣಿ ಎತ್ತಿಕೊಂಡು ಬಾಲ್ಕನಿಯ ಬಿಸಿಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಮ್ಯಾನೇಜರ್ ಹತ್ರ ಸ್ವಲ್ಪ ಮಾತಾಡದು ಇದ್ದು." ಬಾಗಿಲ ಆಚೆಯಿಂದ ಗುಸುಗುಸು ಕೇಳುತ್ತಿತ್ತು. ನನ್ನ ಜೊತೆ ಇಡೀ ದಿನದಲ್ಲಿ ಅಷ್ಟು ಮಾತಾಡುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತೆಂದರೆ ನಂಬುತ್ತೀರಾ? ಹೆಂಡತಿಯರು ಎಂಥೆಂಥವರನ್ನು ಕಂಡು ಉರಿದುಕೊಳ್ಳುತ್ತಾರೆ; ನನ್ನ ಪಾಲಿಗೆ ಬಂದದ್ದು ನಾಲ್ಕು ಕಾಲಿನದು.

ಬಾಗಿಲು ತೆಗೆದು ಬಂದು ಸೋಪು ಹಾಕಿ ಕೈ ತೊಳೆದು, ಮತ್ತೆ ಬಾಲ್ಕನಿಗೆ ಹೋಗಿ ತುಳಸಿ ಕುಂಡಕ್ಕೆ ಒಂದು ಊದುಬತ್ತಿ ಹಚ್ಚುತ್ತಿದ್ದರು. ಹಬ್ಬದ ದಿನವೂ ದೇವರಿಗೆ ಅವಸರದಲ್ಲಿ ಕೈ ಮುಗಿಯುವ ಮನುಷ್ಯನಿಗೆ ದಿನವೂ ಊದುಬತ್ತಿ. ವಯಸ್ಸಾದಂತೆ ಭಕ್ತಿ ಬಂತು ಎಂದುಕೊಂಡೆ. ಕತಗಾಲದ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಫೋನು ಮಾಡಿ ಹೆಮ್ಮೆಯಿಂದ ಹೇಳಿಯೂ ಇದ್ದೆ.

ಒಂದು ಬೆಳಿಗ್ಗೆ ಹಾಗೆಯೇ ಮ್ಯಾನೇಜರ್ ಜೊತೆ ಮಾತಾಡಿ, ಊದುಬತ್ತಿ ಹಚ್ಚಿ, ಚಪ್ಪಲಿ ಮೆಟ್ಟುತ್ತ ನನಗೆ "ಬತ್ತೆ" ಎಂದರು. ನಮ್ಮಲ್ಲಿ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಸಂಜೆ ಭಟ್ಕಳದಿಂದ ಇವರ ಬದಲು ಫೋನು ಬಂತು. ಎದೆನೋವಂತೆ. ಆಸ್ಪತ್ರೆಯವರೆಗೂ ಹೋಗಲಿಲ್ಲವಂತೆ.

ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನೆಂಟರ ಬಗ್ಗೆ ಬರೆಯಬಲ್ಲೆ.

ಭಾವ ಬಂದವರು ಮೊದಲು ನೋಡಿದ್ದು ಬೋಗುಣಿಯನ್ನು. "ದಕ್ಷಿಣ ಅಂದ್ರೆ ಯಮನ ದಿಕ್ಕು. ನಾ ಎಷ್ಟು ಸಲ ತಿರುಗಿಸಿದ್ದಿ! ಕೇಳಿದ್ದಿಲ್ಲೆ." ಕೇಳದೇ ಇದ್ದದ್ದು ತಮ್ಮನೋ ಆಮೆಯೋ ಎಂದು ಅವರು ಬಿಡಿಸಿ ಹೇಳಲಿಲ್ಲ. ಭಾವನ ಲೆಕ್ಕದಲ್ಲಿ ಅದು ಕೊಲೆಗಾರ. ಅತ್ತಿಗೆಯ ಲೆಕ್ಕದಲ್ಲಿ ಅದು ಸತಿ. ಯಾಕೆಂದರೆ ಆಮೆ ಊಟ ಬಿಟ್ಟಿತ್ತು. ಅತ್ತಿಗೆ ಬೋಗುಣಿಯನ್ನು ಬಾಲ್ಕನಿಯಿಂದ ತಂದು, ಒಳಕೋಣೆಯ ಕತ್ತಲಲ್ಲಿ ಇವರ ಫೋಟೋದ ಮುಂದೆ, ದೀಪದ ಪಕ್ಕ ಇಟ್ಟರು. ಬಾಳೆಹಣ್ಣಿನ ಚೂರು, ಗರಿಕೆ, ಅನ್ನದ ಅಗುಳು, ಒಂದು ದಿನ ಪಾಯಸ ಕೂಡ ಹಾಕಿದರು. ಅದು ಮುಟ್ಟಲಿಲ್ಲ. ಅದರ ಕಣ್ಣು ಬಾತು ಮುಚ್ಚಿಕೊಂಡವು.

"ನೋಡು ತಂಗಿ, ಅತ್ತು ಅತ್ತು ಕಣ್ಣು ಬಾತಿದ್ದು. ಮೂಕ ಪ್ರಾಣಿಗೆ ಎಷ್ಟು ಗೊತ್ತಾಗ್ತು!" ಎಂದು ನನ್ನ ಎಲೆಯ ಕಡೆ ನೋಡಿ, "ನೀ ಇನ್ನೊಂದು ದೋಸೆ ಹಾಕ್ಯಂಡ್ಯ? ಹಾಕ್ಯ, ಹಾಕ್ಯ," ಎಂದರು.

ನನ್ನ ಕಣ್ಣು ಬಾತಿರಲಿಲ್ಲ. ನನಗೆ ಜನರ ಎದುರು ಅಳು ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಮಾತಾಡಿಸಲು ಬಂದವರು ನನ್ನ ಮುಖ ನೋಡಿ ನಿರಾಶರಾಗಿ, ಒಳಗೆ ಹೋಗಿ ಆಮೆಯನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಎರಡು ಮೂರು ಜನ ಅದಕ್ಕೆ ಕೈ ಮುಗಿದರು.

ನನಗೆ ಮಾತ್ರ ದಿಗಿಲಾಗುತ್ತಿತ್ತು. ಅದರ ಚಿಪ್ಪನ್ನು ಒತ್ತಿದರೆ ಅಂಚು ಮೆತ್ತಗಾಗಿತ್ತು. ಇವರು ಕೊನೆಯ ಬೆಳಿಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಅದರ ಜೊತೆ. ಅದೂ ಹೋದರೆ ಆ ಮಾತು ಕೇಳಿದವರು ಯಾರೂ ಉಳಿಯುವುದಿಲ್ಲ. ಹುಚ್ಚು ಎನ್ನಿ, ಆಗ ನನಗೆ ಹಾಗೆ ಅನಿಸಿತ್ತು. ಚೀಲದಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೋದೆ. ಅವರು ಬಹಳ ಹೊತ್ತು ನೋಡಿ, "ಎಂತ ಅಕ್ಕ, ದನ ಆದ್ರೆ ಬಾಯಿ ಬಿಡಿಸಿ ನೋಡ್ಬಹುದಿತ್ತು," ಎಂದು ಕಣ್ಣಿಗೆ ಹನಿ ಬರೆದುಕೊಟ್ಟರು. "ಬಿಸಿಲಿಗೆ ಇಡಿ. ಮೊದ್ಲು ಎಂತ ತಿಂತಿತ್ತೋ ಅದನ್ನೇ ಕೊಡಿ."

ಮೊದಲು ಏನು ತಿನ್ನುತ್ತಿತ್ತು? ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ನಾವು ಉಂಡದ್ದನ್ನೇ ಉಣ್ಣುತ್ತದೆ ಎಂದುಕೊಂಡಿದ್ದೆ.

ಭಾವ ಅಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದರು. "ಮಾಸಿಕದ ದಿನ ಹೇಂಗೂ ಬತ್ತೆ. ಸಂಜೆ ಶರಾವತಿಗೆ ಬಿಟ್ಟಿಕ್ಕನ." ನಮ್ಮ ಊರಿನಲ್ಲಿ ಶರಾವತಿ ಎಂದರೆ ಅರ್ಧ ಸಮುದ್ರ, ಉಪ್ಪು ನೀರು. ಕಣ್ಣು ಕಾಣದ ಪ್ರಾಣಿ ಎಷ್ಟು ಹೊತ್ತು ಇರುತ್ತದೆ? ನಾನು ಬೇಡ ಎಂದೆ. ನನ್ನ ಬೇಡ ಎಂಬುದು ಆ ಮನೆಯಲ್ಲಿ ಯಾರಿಗೂ ಕೇಳಿಸುವಷ್ಟು ದೊಡ್ಡದಿರಲಿಲ್ಲ.

ಮಾಸಿಕದ ದಿನ ಊಟ ಮುಗಿಯುತ್ತಿರುವಾಗ ಬಾಗಿಲಲ್ಲಿ ಯಾರೋ ನಿಂತರು. ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರು, ಇವರ ಹಳೆಯ ಗೆಳೆಯರು. ಕೈಯಲ್ಲಿ ಒಂದು ಚೀಲ.

"ಭಾಭಿ, ಮಾಫ್ ಮಾಡ್ಬೇಕು. ಮಗಳ ಮನೆಗೆ ದುಬೈಗೆ ಹೋಗಿದ್ದೆ. ಬಂದ ಕೂಡ್ಲೆ ಅವರಿಗೆ ಅಂತ ಇದನ್ನ ತರಿಸಿಟ್ಟೆ. ಆಮೇಲೆ ಗೊತ್ತಾಯ್ತು." ಚೀಲ ಚಾಚಿದರು. "ತಿಂಗಳ ಪೊಟ್ಟಣ. ತೆಂಗಿನಗುಂಡಿ ಬಂದರಿನ ಮಾಲು."

ಚೀಲಕ್ಕಿಂತ ಮೊದಲು ವಾಸನೆ ಒಳಗೆ ಬಂತು. ಅತ್ತಿಗೆ ಸೆರಗು ಮೂಗಿಗೆ ಹಿಡಿದರು. "ಶೆಟ್ಲಿ! ಶ್ರಾದ್ಧದ ಮನೆಗೆ!"

ಭಾವನ ಮುಖ ಕಪ್ಪಾಯಿತು. "ನನ್ನ ತಮ್ಮ ಇದನ್ನ..."

"ಅಯ್ಯೋ, ಅವರು ತಿಂತಾರಾ? ಪೊಟ್ಟಣ ಹಿಡಿಯೋಕೂ ಕರ್ಚೀಫ್ ಬೇಕಿತ್ತು ಅವರಿಗೆ. ಇದು ಮ್ಯಾನೇಜರ್‌ಗೆ."

"ಪ್ರತಿ ತಿಂಗಳೂ ಮ್ಯಾನೇಜರ್‌ಗೆ ಶೆಟ್ಲಿ ಕೊಟ್ಟು ಎಂತ ಮಾಡಿಸ್ಕಂಡ?" ಎಂದರು ಭಾವ. "ಕೊನೆವರೆಗೂ ಗುಮಾಸ್ತನೇ ಆಗಿದ್ನಲ!"

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮಾಸಿಕದ ದಿನ, ಎಂಜಲೆಲೆಗಳ ಮಧ್ಯೆ ನಿಂತು, ಗಂಡ ಸತ್ತವಳು ಗಟ್ಟಿಯಾಗಿ ನಕ್ಕುಬಿಟ್ಟೆ. ಹಾಕಿದ ಬಾಗಿಲು, ಸೋಪು, ತುಳಸಿಯ ಮುಂದಿನ ಊದುಬತ್ತಿ, ಎಲ್ಲವೂ ಒಟ್ಟಿಗೆ ತಿಳಿಯಿತು. ಇವರಿಗೆ ಬಂದದ್ದು ಭಕ್ತಿಯಲ್ಲ, ವಾಸನೆ. ಮುಂದೆ ಹೋಗಿ ಸಾಹೇಬರ ಕೈಯಿಂದ ಪೊಟ್ಟಣ ತೆಗೆದುಕೊಂಡೆ. ಜೀವಮಾನದಲ್ಲಿ ಮೊದಲ ಸಲ.

ಭಾವ ಸಂಜೆ ಹೊಳೆಯ ಸುದ್ದಿ ಎತ್ತಲಿಲ್ಲ. ಶೆಟ್ಲಿ ಬಂದ ಮನೆಯಲ್ಲಿ ಹೆಚ್ಚು ಹೊತ್ತು ಕೂರುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಬೋಗುಣಿಯನ್ನು ಬಾಲ್ಕನಿಗೆ ತಂದು ಬಾಗಿಲು ಹಾಕಿಕೊಂಡೆ. ಒಂದು ಶೆಟ್ಲಿಯನ್ನು ನೀರಿನಲ್ಲಿ ನೆನೆಸಿ ಅದರ ಬಾಯಿಯ ಹತ್ತಿರ ಹಿಡಿದೆ. ತಲೆ ಹೊರಗೆ ಬರಲಿಲ್ಲ. ಸುಮ್ಮನೆ ಕೂರಲಾರದೆ ಮಾತಾಡಿದೆ. ಕರೆಂಟು ಹೋದದ್ದು, ಹಾಲಿನವನು ನೀರು ಹಾಕುವುದು, ಇವರ ಅಂಗಿಗಳನ್ನು ಇನ್ನೂ ಮಡಚಿಟ್ಟಿಲ್ಲವೆಂಬುದು. ಅಂಗಿಯ ಹತ್ತಿರ ಬಂದಾಗ ಮಾತು ನಿಂತಿತು. ಅತ್ತಿಗೆ ಒಂದು ತಿಂಗಳಿಂದ ಕಾದದ್ದು ಆಗ ಬಂತು. ನೋಡಲು ಅತ್ತಿಗೆ ಇರಲಿಲ್ಲ. ಕಣ್ಣೊರೆಸಿ ನೋಡಿದರೆ ಬೆರಳ ತುದಿಯಲ್ಲಿ ಶೆಟ್ಲಿ ಇರಲಿಲ್ಲ.

ಈಗ ಅದರ ಕಣ್ಣು ತೆರೆದಿವೆ, ಚಿಪ್ಪು ಗಟ್ಟಿಯಾಗಿದೆ. ಮೊನ್ನೆ ಬಂದ ಅತ್ತಿಗೆ ಬೋಗುಣಿಗೆ ಬಗ್ಗಿ, "ಇಷ್ಟು ಬೇಗ ಮರ್ತ್ಹೋತ ಇದ್ಕೆ?" ಎಂದರು. ಹೇಳಿದ್ದು ಆಮೆಗೆ, ನೋಡಿದ್ದು ನನ್ನನ್ನು. ನಾನು ಅವರ ಎಲೆಗೆ ಇನ್ನೊಂದು ದೋಸೆ ಹಾಕಿದೆ.

ಇಂದು ಪೊಟ್ಟಣ ಖಾಲಿಯಾಯಿತು. ಇಷ್ಟು ಬರೆದು ಮುಗಿಸಿ ಭಟ್ಕಳದ ಬಸ್ಸು ಹಿಡಿಯಬೇಕು. ತುಳಸಿಗೆ ಊದುಬತ್ತಿ ಹಚ್ಚಿದ್ದೇನೆ. ಮ್ಯಾನೇಜರ್ ಬಿಸಿಲಿನಲ್ಲಿ ಕತ್ತು ಚಾಚಿ ದಕ್ಷಿಣಕ್ಕೆ ಮುಖ ಮಾಡಿ ಕೂತಿದೆ. ನಮ್ಮ ಬಾಲ್ಕನಿಯಿಂದ ಆ ದಿಕ್ಕಿನಲ್ಲಿ ಯಮನೇನೂ ಕಾಣುವುದಿಲ್ಲ; ಇವರು ಸಂಜೆ ಬಸ್ಸಿಳಿದು ನಡೆದು ಬರುತ್ತಿದ್ದ ರಸ್ತೆ ಕಾಣುತ್ತದೆ. ನಾನು ಅದನ್ನು ತಿರುಗಿಸುವುದಿಲ್ಲ. ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಳ್ಳುವ ಮೊದಲು ಅದಕ್ಕೆ "ಬತ್ತೆ" ಎನ್ನುತ್ತೇನೆ. ಸಂಜೆಯೊಳಗೆ ಬರುತ್ತೇನೆ ಕೂಡ.